ನೇಪಾಳಕ್ಕೆ ಸ್ವಯಂಸೇವೆಗೆ ಹೊರಟ ವಿದ್ಯಾರ್ಥಿನಿಗೆ

ಪ್ರಶ್ನೆ: ನನಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಿದೆ. ರಜೆಯಲ್ಲಿ ಒಂದು ತಿಂಗಳು ನೇಪಾಳದ ಪೋಖರಾ ಬಳಿಯ ಹಳ್ಳಿಯೊಂದರ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಗಣಿತ ಹೇಳಿಕೊಡುವ ಅವಕಾಶ ಒಂದು ಸಂಸ್ಥೆಯ ಮೂಲಕ ಒದಗಿದೆ. ಊರಿನವರ ಮನೆಯಲ್ಲೇ ಉಳಿಯಬೇಕು. ಬಿಡುವಿದ್ದಾಗ ಹತ್ತಿರದ ಅನಾಥಾಲಯದ ಮಕ್ಕಳೊಂದಿಗೂ ಕಾಲ ಕಳೆಯಬಹುದಂತೆ. ನಾವು ಸಸ್ಯಾಹಾರಿಗಳು. ಅಪ್ಪ ಒಪ್ಪಿದ್ದಾರೆ, ಅಮ್ಮನಿಗೆ ಅಳುಕು. ನೇಪಾಳ ನಮ್ಮಂಥದೇ ದೇಶ, ಹೊಂದಿಕೊಳ್ಳುವುದು ಕಷ್ಟವಾಗಲಾರದು ಎಂದುಕೊಂಡಿದ್ದೇನೆ. ನಿಮ್ಮ ಸಲಹೆ ಏನು?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಹೋಗಿ ಬನ್ನಿ ಎಂದೇ ನನ್ನ ಸಲಹೆ. ಆದರೆ ಅನಾಥಾಲಯದ ಭಾಗವನ್ನು ಈಗಲೇ ಕೈಬಿಡಿ. ನೇಪಾಳದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಹೇಳಿ ದೂರದ ಹಳ್ಳಿಗಳಿಂದ ಅವರನ್ನು ಕರೆತಂದು, ಪ್ರವಾಸಿಗರು ಹೆಚ್ಚು ಬರುವ ಕಡೆಗಳಲ್ಲೇ ಇರಿಸಿಕೊಂಡು, ಭೇಟಿ ನೀಡಿದವರಿಂದ ಹಣ ಪಡೆಯುವ ವ್ಯವಹಾರ ಅಲ್ಲಿ ಬೆಳೆದಿದೆ. 2015ರ ಭೂಕಂಪದ ನಂತರ ಮಕ್ಕಳ ಸಾಗಣೆಯ ಭೀತಿ ಎಷ್ಟಿತ್ತೆಂದರೆ, ಪೋಷಕರಿಲ್ಲದೆ ಮಕ್ಕಳು ಪ್ರಯಾಣಿಸುವುದನ್ನು ಸರ್ಕಾರ ನಿರ್ಬಂಧಿಸಿ, ಹೊಸ ಮಕ್ಕಳ ಗೃಹಗಳ ನೋಂದಣಿಯನ್ನೇ ತಡೆಹಿಡಿದಿತ್ತು. ನಿಮ್ಮ ಸಂಸ್ಥೆ ನೋಡಿಕೊಳ್ಳುವ ಮಕ್ಕಳ ಗೃಹ ಪ್ರಾಮಾಣಿಕವಾದದ್ದೇ ಇರಬಹುದು. ಆದರೂ ನಾಲ್ಕು ವಾರ ಅಕ್ಕರೆ ತೋರಿಸಿ ಹೊರಟುಹೋಗುವವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರೆ ಪುಟ್ಟ ಮಕ್ಕಳ ಮನಸ್ಸಿಗೆ ಪೆಟ್ಟು ಬೀಳುತ್ತದೆ. ಶಾಲೆಯ ಕೆಲಸವನ್ನಷ್ಟೇ ಒಪ್ಪಿಕೊಳ್ಳಿ. ತರಗತಿಯಲ್ಲಿ ಅಲ್ಲಿಯ ಶಿಕ್ಷಕರ ಜೊತೆಗಿದ್ದು, ಅವರು ಕಲಿಸುತ್ತಿರುವ ಪಾಠಕ್ಕೆ ನೆರವಾಗಿ.

ಇನ್ನು, ನಮ್ಮಂಥದೇ ದೇಶ ಎಂಬ ನಿಮ್ಮ ಮಾತು. ದೇವರುಗಳು, ಹಬ್ಬಗಳು, ಅನ್ನ-ಬೇಳೆಯ ಊಟ ಎಲ್ಲವೂ ಪರಿಚಿತವೇ; ನೀವು ಎಡವುವ ಸಾಧ್ಯತೆ ಇರುವುದೂ ಅಲ್ಲೇ. ಪೋಖರಾದಲ್ಲಿ ಹಿಂದಿ ಬಲ್ಲವರು ಬಹಳ ಮಂದಿ ಇದ್ದಾರೆ. ಹಾಗೆಂದು ಮೊದಲ ಮಾತನ್ನೇ ಹಿಂದಿಯಲ್ಲಿ ಆರಂಭಿಸಿದರೆ, ನಮ್ಮೂರಿನ ಅಂಗಡಿಯಲ್ಲಿ ಯಾರೋ ಹಾಗೆ ಮಾಡಿದಾಗ ನಮಗೆ ಅನ್ನಿಸುವುದೇ ಅವರಿಗೂ ಅನ್ನಿಸುತ್ತದೆ. ಹತ್ತಿಪ್ಪತ್ತು ನೇಪಾಳಿ ವಾಕ್ಯಗಳನ್ನು ಹೊರಡುವ ಮುನ್ನವೇ ಕಲಿಯಿರಿ. ಬುದ್ಧ ಹುಟ್ಟಿದ ಲುಂಬಿನಿ ನೇಪಾಳದಲ್ಲಿದೆ. ‘ನಮ್ಮ ಬುದ್ಧ’ ಎಂಬ ಮಾತು ಬಾಯಿ ತಪ್ಪಿಯೂ ಬರಬಾರದು. 2015ರಲ್ಲಿ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತು ಅಡುಗೆ ಅನಿಲಕ್ಕೂ ಔಷಧಕ್ಕೂ ಪರದಾಡಿದ್ದನ್ನು ಅಲ್ಲಿಯ ಜನ ಮರೆತಿಲ್ಲ, ಅದಕ್ಕೆ ಭಾರತವೇ ಕಾರಣವೆಂದು ನಂಬಿರುವವರು ಅನೇಕರು. ಆ ವಿಷಯ ಬಂದರೆ ವಾದಕ್ಕಿಳಿಯದೆ ಕೇಳಿಸಿಕೊಳ್ಳಿ.

ಯಾವ ಸಮುದಾಯದ ಮನೆಯಲ್ಲಿ ಉಳಿಯುತ್ತೀರಿ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಬೆಟ್ಟದ ಸಮುದಾಯದವರಾದ ಗುರುಂಗರ ಮನೆಯ ರೀತಿ ಬೇರೆ, ಬ್ರಾಹ್ಮಣರಾದ ಬಾಹುನರ ಮನೆಯ ರೀತಿ ಬೇರೆ. ಬಾಹುನರ ಮನೆಯಾದರೆ ಕರೆಯದೆ ಅಡುಗೆಮನೆಗೆ ಹೋಗಬೇಡಿ. ಎಂಜಲಿನ ವಿಚಾರದಲ್ಲಿ ನಿಮ್ಮ ಅಜ್ಜಿ ಎಷ್ಟು ಕಟ್ಟುನಿಟ್ಟೋ ಅವರೂ ಅಷ್ಟೇ. ತಟ್ಟೆ ಖಾಲಿಯಾದಂತೆ ಬಡಿಸುತ್ತಲೇ ಹೋಗುತ್ತಾರೆ. ತಟ್ಟೆಗೆ ಕೈ ಅಡ್ಡ ಹಿಡಿದು ‘ಪುಗ್ಯೋ’ (ನೇಪಾಳಿಯಲ್ಲಿ ‘ಸಾಕು’) ಎನ್ನಿ. ಹೋಟೆಲಿನಲ್ಲಿ ಮೋಮೋ ಕೇಳುವಾಗ ಎಚ್ಚರವಿರಲಿ, ‘ಬಫ್’ ಎಂದಿದ್ದರೆ ಅದು ಎಮ್ಮೆಯ ಮಾಂಸ. ಅಂಗಡಿಯವರು ಬೆಲೆ ಹೇಳಿದಾಗ ಐಸಿಯೋ ಎನ್‌ಸಿಯೋ ಎಂದು ಕೇಳಿ. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ನೇಪಾಳದ್ದು, ನಮ್ಮ 100 ರೂಪಾಯಿ ಅಲ್ಲಿಯ 160ಕ್ಕೆ ಸಮ.

ಅಮ್ಮನ ಅಳುಕಿನಲ್ಲಿ ಬಹುಶಃ ಈ ವಿಷಯವೂ ಸೇರಿರಬಹುದು. ಮುಟ್ಟಿನ ದಿನಗಳಲ್ಲಿ ಅಡುಗೆಮನೆಗೂ ದೇವರ ಕೋಣೆಗೂ ಬರಬೇಡಿ ಎಂದು ಆ ಮನೆಯವರು ಹೇಳಬಹುದು. ನನಗೆ ಈ ಪದ್ಧತಿ ಒಪ್ಪಿಗೆಯಿಲ್ಲ, ನಿಮಗೂ ಇರಲಾರದು. ಆದರೂ ಅತಿಥಿಯಾಗಿರುವ ತಿಂಗಳಿನ ಮಟ್ಟಿಗೆ ಅದನ್ನು ಪಾಲಿಸಿದರೆ ನಿಮಗೆ ಹಾನಿಯಿಲ್ಲ. ಹೊರಗಿನ ಗುಡಿಸಲಿನಲ್ಲೋ ಕೊಟ್ಟಿಗೆಯಲ್ಲೋ ಮಲಗಿ ಎಂದರೆ ಮಾತ್ರ ಒಪ್ಪಲೇಬೇಡಿ. ಛೌಪದಿ ಎಂಬ ಆ ಪದ್ಧತಿ ಉಳಿದಿರುವುದು ಹೆಚ್ಚಾಗಿ ದೇಶದ ದೂರದ ಪಶ್ಚಿಮ ಭಾಗದಲ್ಲಿ, ಪೋಖರಾ ಕಡೆಯಲ್ಲಲ್ಲ. ಹೆಣ್ಣುಮಕ್ಕಳು ಹಾವು ಕಚ್ಚಿ, ಹೊಗೆಯಲ್ಲಿ ಉಸಿರುಕಟ್ಟಿ ಸತ್ತ ಮೇಲೆ ನೇಪಾಳ 2017ರಲ್ಲಿ ಕಾನೂನು ಮಾಡಿ, ಬಲವಂತಪಡಿಸುವವರಿಗೆ ಮೂರು ತಿಂಗಳ ಜೈಲು ಅಥವಾ 3,000 ರೂಪಾಯಿ ದಂಡ ವಿಧಿಸಿದೆ.

ಮಕ್ಕಳ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ನಿಮ್ಮ ತಂಗಿಯ ತರಗತಿಯ ಚಿತ್ರವನ್ನು ಅಪರಿಚಿತರು ಹಾಗೆ ಹಾಕಿದರೆ ನೀವು ಸುಮ್ಮನಿರುವುದಿಲ್ಲ.

ದಾಖಲೆಗಳ ಕಡೆಗೆ ಬೇಗ ಗಮನ ಕೊಡಿ. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲವಾದರೂ ನಿಮ್ಮ ವಯಸ್ಸಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಇರಬೇಕು, ಇಲ್ಲವೇ 15ರಿಂದ 18 ವರ್ಷದವರಿಗಾಗಿ ನಿಗದಿಯಾದ ನಮೂನೆಯಲ್ಲಿ ಪ್ರಾಂಶುಪಾಲರು ಕೊಡುವ ಗುರುತಿನ ಪ್ರಮಾಣಪತ್ರ ಇರಬೇಕು. ಪಾಸ್‌ಪೋರ್ಟ್ ಮಾಡಿಸುವುದೇ ಒಳ್ಳೆಯದು. ಅದರೊಂದಿಗೆ, ಹಳ್ಳಿಯಲ್ಲಿ ನಿಮ್ಮ ಹೊಣೆ ಹೊರುವ ಮಹಿಳೆಯೊಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದು, ಹೊರಡುವ ಮೊದಲೇ ಅಮ್ಮ ಅವರೊಂದಿಗೆ ಮಾತನಾಡಲಿ. ಸಂಸ್ಥೆ ಅಷ್ಟನ್ನೂ ಒದಗಿಸದಿದ್ದರೆ ಈ ಪ್ರಯಾಣವನ್ನು ರದ್ದುಮಾಡಿ ಬೇರೆ ಸಂಸ್ಥೆಯನ್ನು ಹುಡುಕಿ.