ಮೂರು ದಿನಕ್ಕೆ ಎರಡು ಕಿಲೋ ಇಳಿಸಿದ ಡಿಟಾಕ್ಸ್ ಕಿಟ್

ಪ್ರಶ್ನೆ: ನನಗೆ 44 ವರ್ಷ. ಪರಿಚಯದವರು ಕೊಟ್ಟ ಏಳು ದಿನದ ಡಿಟಾಕ್ಸ್ ಕಿಟ್ ಶುರು ಮಾಡಿದ್ದೇನೆ. ಬೆಳಿಗ್ಗೆ ಸೋರೆಕಾಯಿ ಜ್ಯೂಸ್, ಮಧ್ಯಾಹ್ನ ಹಸಿ ಪಾಲಕ್ ಜ್ಯೂಸ್, ರಾತ್ರಿ ಅವರದೇ ಗಿಡಮೂಲಿಕೆ ಚಹಾ. ಅನ್ನ, ಮುದ್ದೆ, ಕಾಫಿ ಎಲ್ಲ ಬಂದ್. ಎರಡನೇ ದಿನ ತಲೆ ಸಿಡಿಯುವ ನೋವು. ‘ವಿಷ ಹೊರಗೆ ಹೋಗ್ತಿದೆ, ತಡ್ಕೊಳ್ಳಿ’ ಅಂದರು. ಮೂರೇ ದಿನಕ್ಕೆ ಎರಡು ಕಿಲೋ ಇಳಿದಿದ್ದೇನೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಾರೆ. ಅವರಿಗೂ ಮಾಡಿಸಬಹುದೇ?

ಉತ್ತರ: ಯಜಮಾನರಿಗೆ ಖಂಡಿತ ಬೇಡ. ಗ್ಲಿಮೆಪಿರೈಡ್ ಮಾತ್ರೆ, ಊಟ ಮಾಡಿದರೂ ಬಿಟ್ಟರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮಾತ್ರೆ ನುಂಗಿ ಜ್ಯೂಸ್ ಮಾತ್ರ ಕುಡಿದರೆ ಸಕ್ಕರೆ ದಿಢೀರನೆ ಕುಸಿಯಬಹುದು. ಬೆವರು, ಕೈನಡುಕ, ಎದೆಬಡಿತ, ತೊದಲು ಮಾತು ಅದರ ಲಕ್ಷಣಗಳು. ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ (ಸುಮಾರು 15 ಗ್ರಾಂ) ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಈ ಮಾತ್ರೆಯ ಪ್ರಭಾವ ಇಡೀ ದಿನ ಇರುವುದರಿಂದ ಚೇತರಿಸಿಕೊಂಡ ಕೂಡಲೇ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಕಿಟ್‌ಗೋಸ್ಕರ ಮಾತ್ರೆಯನ್ನೇ ನಿಲ್ಲಿಸುವುದೂ ಅಷ್ಟೇ ತಪ್ಪು. ಸಕ್ಕರೆ ಕಾಯಿಲೆಗೇ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಅಪಾಯವಿದೆ: ಊಟ ಬಿಟ್ಟರೆ ಸಕ್ಕರೆ ಹೆಚ್ಚು ಏರದೆಯೂ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ತುಂಬಿಕೊಳ್ಳಬಹುದು.

ಇನ್ನು ನಿಮ್ಮ ಎರಡು ಕಿಲೋ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮೂ ಮೂರು ಗ್ರಾಮಿನಷ್ಟು ನೀರು ಹಿಡಿದಿಟ್ಟಿರುತ್ತದೆ. ಅನ್ನ, ಮುದ್ದೆ ನಿಂತ ಕೂಡಲೇ ಖರ್ಚಾಗುವುದು ಈ ದಾಸ್ತಾನೇ. ಜೊತೆಗೆ ಆ ನೀರೂ ಮೂತ್ರವಾಗಿ ಹೋಗುತ್ತದೆ. ಕರಗಿದ ಕೊಬ್ಬು ಅಲ್ಪ. ಮಾಮೂಲಿ ಊಟ ಶುರುವಾದ ಕೆಲವೇ ದಿನಗಳಲ್ಲಿ ಬಹುಪಾಲು ತೂಕ ವಾಪಸ್ ಬರುತ್ತದೆ. ನೀವು ಸೋತಿರಿ ಎಂದು ಆಗ ಬೇಸರ ಪಡಬೇಡಿ.

ತಲೆನೋವು ಬಹುಮಟ್ಟಿಗೆ ಕಾಫಿ ಬಿಟ್ಟಿದ್ದರದ್ದು. ರೂಢಿಯಿದ್ದವರು ದಿಢೀರನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ಶುರುವಾಗಿ, ಮಾರನೆಯ ದಿನದ ಹೊತ್ತಿಗೆ ಜೋರಾಗುತ್ತದೆ. ಬಿಡಲೇಬೇಕೆಂದಿದ್ದರೆ ಒಂದು ವಾರದಲ್ಲಿ ಲೋಟದ ಅಳತೆ ಇಳಿಸುತ್ತಾ ಬನ್ನಿ.

ಚಹಾ ಪ್ಯಾಕೆಟ್ಟಿನ ಹಿಂಬದಿ ಓದಿ. ಇಂಥವುಗಳಲ್ಲಿ ಅನೇಕ ಸಲ ಸೋನಾಮುಖಿ ಇರುತ್ತದೆ. ಅದು ಭೇದಿ ಮಾಡಿಸುವುದು ದೊಡ್ಡ ಕರುಳಿನಲ್ಲಿ. ಊಟದ ಸಾರ ಅದಕ್ಕೆ ಮೊದಲೇ ಸಣ್ಣ ಕರುಳಿನಲ್ಲಿ ರಕ್ತ ಸೇರಿರುತ್ತದೆ. ಹಾಗಾಗಿ ಭೇದಿಯಲ್ಲಿ ಹೋಗುವುದು ನೀರು, ಪೊಟ್ಯಾಸಿಯಂ. ‘ಕರುಳಿಗೆ ಅಂಟಿದ ವರ್ಷಗಳ ಕೊಳೆ’ ಎನ್ನುವುದು ಮಾರಾಟದ ಮಾತು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ತಾನೇ ಹೊಸದಾಗುತ್ತಿರುತ್ತದೆ. ಚಹಾದಲ್ಲಿ ಅಮೃತಬಳ್ಳಿ ಇದೆಯೇ ಎಂಬುದನ್ನೂ ನೋಡಿ. ಅದನ್ನು ಸೇವಿಸಿದವರಲ್ಲಿ ಕಂಡುಬಂದ ಪಿತ್ತಜನಕಾಂಗದ ಹಾನಿಯ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಕಿಟ್‌ನಲ್ಲಿ ನನಗೆ ಹೆಚ್ಚು ಹೆದರಿಕೆ ಸೋರೆಕಾಯಿ ಜ್ಯೂಸಿನದು. ಕಹಿ ಸೋರೆಕಾಯಿಯಲ್ಲಿ ಕುಕರ್ಬಿಟಾಸಿನ್ ಎಂಬ ವಿಷವಿರುತ್ತದೆ. ಹೊಟ್ಟೆನೋವು, ರಕ್ತವಾಂತಿ, ಬಿಪಿ ಕುಸಿತದಿಂದ ನಮ್ಮ ದೇಶದಲ್ಲಿ ಸಾವುಗಳೂ ಆಗಿವೆ; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈ ಬಗ್ಗೆ ಪರಿಣತರ ಸಮಿತಿಯನ್ನೇ ರಚಿಸಿತ್ತು. ಪಲ್ಯಕ್ಕಾದರೂ ಸರಿ, ಒಂದು ಚೂರು ಹಸಿಯಾಗಿ ನಾಲಿಗೆಗಿಟ್ಟು ನೋಡಿ. ಕಹಿಯಿದ್ದರೆ ಉಗಿದು, ಕಾಯಿಯನ್ನೇ ಎಸೆಯಿರಿ. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ. ನಿಂಬೆ, ಶುಂಠಿ, ಜೇನು ಬೆರೆಸಿದ ಜ್ಯೂಸಿನಲ್ಲಿ ಕಹಿ ಮುಚ್ಚಿಹೋಗುವುದೇ ದೊಡ್ಡ ತೊಂದರೆ. ಕುಡಿದ ಮೇಲೆ ವಾಂತಿ ಶುರುವಾದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಹಸಿ ಪಾಲಕ್ ಜ್ಯೂಸಿನಲ್ಲಿ ಕಿಡ್ನಿಯಲ್ಲಿ ಕಲ್ಲು ಕಟ್ಟಿಸಬಲ್ಲ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ಕಿಡ್ನಿ ಕಲ್ಲು ಇದ್ದವರಿಗೆ, ಕಿಡ್ನಿ ಸೋತವರಿಗೆ ಇದು ಕೇಡು. ಸೊಪ್ಪನ್ನು ಬೇಯಿಸಿ, ಬಸಿದ ನೀರನ್ನು ಚೆಲ್ಲಿ ತಿಂದರೆ ಸಾಕಷ್ಟು ಆಕ್ಸಲೇಟ್ ಕಳೆಯುತ್ತದೆ.

ಇಷ್ಟಕ್ಕೂ ಹೊರಹೋಗುತ್ತಿರುವ ವಿಷದ ಹೆಸರೇನು, ರಕ್ತದಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಕಿಟ್ ಮಾರಿದವರನ್ನು ಕೇಳಿ. ಈ ಬಗ್ಗೆ ಇದ್ದ ಅಧ್ಯಯನಗಳನ್ನು 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಜಾಲಾಡಿದಾಗ, ಮಾರಾಟಕ್ಕಿರುವ ಡಿಟಾಕ್ಸ್ ಆಹಾರಕ್ರಮಗಳ ಮೇಲೆ ಸರಿಯಾದ ಹೋಲಿಕೆ ಪ್ರಯೋಗ ಒಂದೂ ಸಿಗಲಿಲ್ಲ. ಸೀಸದ ವಿಷಕ್ಕೆ ಕೀಲೇಶನ್ (ಲೋಹವನ್ನು ಹಿಡಿದು ಹೊರಹಾಕುವ ಔಷಧ), ಪ್ಯಾರಾಸಿಟಮಾಲ್ ಅತಿಯಾದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ, ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್: ನಿಜವಾದ ವಿಷನಿವಾರಣೆ ಎಂದರೆ ಇವು, ಮತ್ತು ಇವೆಲ್ಲ ಆಸ್ಪತ್ರೆಯ ಕೆಲಸ. ಆರೋಗ್ಯವಂತರ ಕಿಡ್ನಿಯಂತೂ ಯಾವ ಕಿಟ್ ಇಲ್ಲದೆಯೇ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತದೆ.

ನೀವು ಇವತ್ತಿನಿಂದಲೇ ಮನೆ ಊಟಕ್ಕೆ ಮರಳಿ. ಅರ್ಧ ತಟ್ಟೆ ತರಕಾರಿ, ಸೊಪ್ಪು; ಕಾಲು ಭಾಗ ಬೇಳೆ, ಕಾಳು ಅಥವಾ ಮೊಟ್ಟೆ; ಉಳಿದ ಕಾಲು ಮುದ್ದೆಯೋ ಅನ್ನವೋ. ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ತಲೆಸುತ್ತು ಬಿಡದಿದ್ದರೆ ಲಿವರ್, ಕಿಡ್ನಿ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕಾಗುತ್ತದೆ. ವೈದ್ಯರ ಬಳಿ ಹೋಗುವಾಗ ಆ ಚಹಾ ಪ್ಯಾಕೆಟ್ಟನ್ನೂ ತಗೊಂಡು ಹೋಗಿ.