ಮಾಸ್ಟರ್ ಸರಿಪಡಿಸಿದರೆ ನಿಯಮ ಸರಿಯಾದೀತೇ?

ಪ್ರಶ್ನೆ: ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 3.5 ಆವೃತ್ತಿಯಲ್ಲಿ, ಪ್ರಕೃತಿಯ ಮಂತ್ರ ಬಲ್ಲ ಡ್ರೂಯಿಡ್ ಎದುರು ಆಯುಧ ಹಿಡಿದು ಕಾದುವ ಫೈಟರ್ ಸಪ್ಪೆ ಎಂದೆ. 'ಬೇಕಾದರೆ ಆಟ ನಡೆಸುವ ಡಂಜನ್ ಮಾಸ್ಟರ್ ಬದಲಿಸಬಹುದು, ಆದ್ದರಿಂದ ನಿಯಮದಲ್ಲಿ ದೋಷವಿಲ್ಲ' ಎಂದು ಗೆಳೆಯ ಬಾಯಿ ಮುಚ್ಚಿಸಿದ. ಅವನ ಮಾತು ಸರಿಯೇ?

ಉತ್ತರ: ಸರಿಯಲ್ಲ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆಟಗಾರರ ವಲಯದಲ್ಲಿ ಇದಕ್ಕೆ 'ಒಬೆರೋನಿ ಫ್ಯಾಲಸಿ' (ಫ್ಯಾಲಸಿ ಎಂದರೆ ತಪ್ಪು ತರ್ಕ) ಎಂಬ ಹೆಸರೇ ಬಿದ್ದಿದೆ. ನಮ್ಮ ನ್ಯಾಯಶಾಸ್ತ್ರದ, ಅಂದರೆ ತರ್ಕಶಾಸ್ತ್ರದ ಲೆಕ್ಕದಲ್ಲಿ ಇದು 'ವಿರುದ್ಧ'ವೆಂಬ ಹೇತ್ವಾಭಾಸಕ್ಕೆ (ಹುಸಿ ಕಾರಣಕ್ಕೆ) ಹತ್ತಿರದ್ದು: 'ಶಬ್ದವು ನಿತ್ಯ, ಏಕೆಂದರೆ ಅದು ಹುಟ್ಟಿದ್ದು' ಎಂದ ಹಾಗೆ, ಕೊಟ್ಟ ಕಾರಣವೇ ಹೇಳಹೊರಟ ಮಾತನ್ನು ಮುರಿಯುತ್ತದೆ. ಮಾಸ್ಟರ್ ಸರಿಪಡಿಸುತ್ತಾರೆ ಎಂದವರು ಸರಿಪಡಿಸಬೇಕಾದದ್ದು ಏನೋ ಇದೆಯೆಂದು ಒಪ್ಪಿಕೊಂಡಂತಾಯಿತು. ಸೋರುವಲ್ಲಿ ಬಿಂದಿಗೆ ಇಟ್ಟ ಮಾತ್ರಕ್ಕೆ ಹೆಂಚು ಒಡೆದಿಲ್ಲವೆಂದು ಯಾರೂ ಹೇಳುವುದಿಲ್ಲ.

2003ರ ಆ ಆವೃತ್ತಿಯನ್ನೇ ತೆರೆದು ನೋಡಿ. ಡ್ರೂಯಿಡ್‌ಗೆ 1ನೇ ಹಂತದಲ್ಲೇ ಜೊತೆಗೊಂದು ಪ್ರಾಣಿ, 5ರಲ್ಲಿ ತಾನೇ ಪ್ರಾಣಿರೂಪ ತಾಳುವ ಶಕ್ತಿ, 6ರಲ್ಲಿ 'ನ್ಯಾಚುರಲ್ ಸ್ಪೆಲ್' ಎಂಬ ಫೀಟ್ (ವಿಶೇಷ ಕೌಶಲ) ಆರಿಸಿಕೊಂಡರೆ ಆ ರೂಪದಲ್ಲಿದ್ದುಕೊಂಡೇ ಮಂತ್ರ ಹಾಕುವ ಅನುಕೂಲ. 8ಕ್ಕೆ ಬರುವಷ್ಟರಲ್ಲಿ ಅದು ಮಂತ್ರ ಬಲ್ಲ ಕಂದು ಕರಡಿ. ಫೈಟರ್‌ಗೆ ಅಷ್ಟರಲ್ಲಿ ಸಿಕ್ಕಿರುವುದು ಕೆಲವು ಹೆಚ್ಚುವರಿ ಫೀಟ್‌ಗಳು. ಮಾಸ್ಟರ್ ಆದವರು ಆ ಫೀಟನ್ನು ನಿಷೇಧಿಸಲಿ, ಫೈಟರ್ ಕೈಗೆ ಒಳ್ಳೆಯ ಮಾಯಾಖಡ್ಗ ಕೊಡಲಿ; ನಾನೂ ಕೊಟ್ಟಿದ್ದೇನೆ, ಆದರೆ ಕೊಟ್ಟವನು ನಾನು, ಪುಸ್ತಕವಲ್ಲ. 'ನಮ್ಮಲ್ಲಿ ತೊಂದರೆಯೇ ಆಗಿಲ್ಲ' ಎಂಬ ಮಾತು ನಿಮ್ಮ ಮಾಸ್ಟರ್‌ನ ಜಾಣ್ಮೆಗೆ ಸಾಕ್ಷಿಯಾದೀತೇ ಹೊರತು ನಿಯಮದ ಗಟ್ಟಿತನಕ್ಕಲ್ಲ.

ನಿಮಗೂ ಒಂದು ಎಚ್ಚರಿಕೆ: ಗೆಳೆಯನ ವಾದ ಬಿದ್ದಿತೆಂದ ಮಾತ್ರಕ್ಕೆ ನಿಮ್ಮದು ನಿಲ್ಲುವುದಿಲ್ಲ, ಅದನ್ನು ಪುಟ ತೆಗೆದು ಬೇರೆಯಾಗಿಯೇ ತೋರಿಸಬೇಕು.

ಪ್ರಶ್ನೆ: 20 ಮುಖದ ದಾಳವನ್ನು 20 ಸಲ ಉರುಳಿಸಿದರೂ 20 ಬೀಳಲಿಲ್ಲ. ಈಗ ಬೀಳಲೇಬೇಕಲ್ಲವೇ?

ಉತ್ತರ: ಬೀಳಬೇಕಿಲ್ಲ. ಹಾಗೆ ಬರಿಗೈಯಾಗುವ ಸಂಭವವೇ ಸುಮಾರು ಶೇ 36ರಷ್ಟಿದೆ, ಮುಂದಿನ ಉರುಳಿಕೆಗೂ ಮೊದಲಿನಂತೆ ಶೇ 5 ಮಾತ್ರ. ದಾಳವನ್ನು ಉಪ್ಪುನೀರಿನಲ್ಲಿ ತೇಲಿಸಿ ಭವಿಷ್ಯ ನುಡಿಯುವ ಪಂಡಿತರ ಮಾತಿಗೆ ಮರುಳಾಗಬೇಡಿ: ತೇಲಿಸಿದರೆ ಕಾಣಬಹುದಾದದ್ದು ಒಳಗಿನ ಭಾರದ ಏರುಪೇರು, ಮುಖಗಳ ಅಳತೆಯ ತಪ್ಪಲ್ಲ. ಅನುಮಾನವಿದ್ದರೆ ನೂರಾರು ಸಲ ಉರುಳಿಸಿ ಬರೆದಿಡಿ.

ಪ್ರಶ್ನೆ: ಪಾತ್ರವನ್ನು ಬಲಿಷ್ಠವಾಗಿ ಕಟ್ಟುವವನಿಗೆ ಅಭಿನಯ ಬರುವುದಿಲ್ಲವಂತೆ, ನಿಜವೇ?

ಉತ್ತರ: ನಿಜವಲ್ಲ. ಈ ತಪ್ಪು ತರ್ಕಕ್ಕೂ ಹೆಸರಿದೆ: 'ಸ್ಟಾರ್ಮ್‌ವಿಂಡ್ ಫ್ಯಾಲಸಿ'. ಗಣಿತ ಬಲ್ಲವನು ಹಾಡಲಾರ ಎಂದಂತಾಯಿತು. ದಯವಿಟ್ಟು ಇದನ್ನು ಮತ್ತೆ ಕಳುಹಿಸಬೇಡಿ.