ಆ ಗಂಟೆಯನ್ನು ಒಬ್ಬನೇ ಕಟ್ಟಿಕೊಳ್ಳೋಕೆ ಆಗಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸ್ಪೇನಿನ ಬೆಟ್ಟದೂರುಗಳ ಹಬ್ಬದ ಬಗ್ಗೆ ಬರೆದಿದ್ದೀರಿ. ಫೋಟೊ ಚೆನ್ನಾಗಿತ್ತು. ಆದರೆ ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಬೀದಿಯಲ್ಲಿ ಓಡಾಡೋದು ಟೂರಿಸ್ಟುಗಳಿಗಾಗಿ ಹಾಕುವ ವೇಷವಲ್ಲದೆ ಇನ್ನೇನು? ಐನೂರು ಜನರ ಊರು ಅಂತೀರಿ, ಹುಡುಗರೆಲ್ಲ ಪಟ್ಟಣ ಸೇರಿದ ಮೇಲೆ ಇದು ಎಷ್ಟು ದಿನ ನಡೆದೀತು? ಅದೂ ಸೋಮವಾರ, ಮಂಗಳವಾರ! ಸುಮ್ನೆ ಭಾನುವಾರಕ್ಕೆ ಇಟ್ಟುಕೊಂಡರೆ ಆಗಲ್ವಾ? — ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ಸರ್, ಮೊದಲನೆಯದಕ್ಕೂ ಉತ್ತರ ಅದರಲ್ಲೇ ಇದೆ.

ಇತುರೆನ್ ಮತ್ತು ಸುಬಿಯೆತಾ ಅಕ್ಕಪಕ್ಕದ ಎರಡು ಊರು. ಸ್ಪೇನಿನ ಉತ್ತರದ ನವಾರ್ರಾ ಸೀಮೆಯಲ್ಲಿ, ಮೆಂದಾಉರ್ ಅನ್ನುವ ಬೆಟ್ಟದ ಕೆಳಗಿವೆ. ಬೆಟ್ಟದ ಎತ್ತರ 1,131 ಮೀಟರ್. ಇಲ್ಲಿನ ಕಾರ್ನಿವಲ್, ಅಂದರೆ ಚಳಿಗಾಲದ ವೇಷದ ಹಬ್ಬ, ನಡೆಯೋದು ಜನವರಿಯ ಕೊನೆಯ ಭಾನುವಾರ ಕಳೆದ ಮೇಲೆ ಬರುವ ಸೋಮವಾರ ಮತ್ತು ಮಂಗಳವಾರ. ಚಳಿ, ಮಳೆ, ಕೆಸರು, ಮೇಲೆ ಕೆಲಸದ ದಿನ. ದುಡ್ಡಿಗಾಗಿ ಹಬ್ಬ ಮಾಡುವವರು ಹುಡುಕಿ ಹುಡುಕಿ ಇಂಥ ದಿನ ಆರಿಸುತ್ತಾರಾ? ನೋಡೋಕೆ ಜನ ಬರುತ್ತಾರೆ ನಿಜ, ತುಂಬಾನೇ ಬರುತ್ತಾರೆ, ಕ್ಯಾಮೆರಾ ಹಿಡಿದು ಸಾಲಿಗೆ ಅಡ್ಡ ನಿಲ್ಲುವವರೂ ಇರುತ್ತಾರೆ. ಆದರೆ ಅವರಿಗೆ ಅನುಕೂಲ ಆಗಲಿ ಅಂತ ದಿನ ಬದಲಾಗಿಲ್ಲ.

ಎರಡು ದಿನ ಯಾಕೆ ಅಂದರೆ, ಇದು ಮುಯ್ಯಿಯ ಹಬ್ಬ. ಸೋಮವಾರ ಸುಬಿಯೆತಾದವರು ಗಂಟೆ ಕಟ್ಟಿಕೊಂಡು ಇತುರೆನ್‌ಗೆ ನಡೆದು ಬರುತ್ತಾರೆ. ಇತುರೆನ್‌ನವರು ಅವರನ್ನು ಎದುರುಗೊಂಡು ಜೊತೆಗೂಡುತ್ತಾರೆ, ಎರಡೂ ಊರಿನ ಗಂಟೆಗಳು ಒಂದೇ ತಾಳಕ್ಕೆ ಬೀಳುತ್ತವೆ. ಮಂಗಳವಾರ ಇತುರೆನ್‌ನವರು ಸುಬಿಯೆತಾಗೆ ಹೋಗಿ ಮುಯ್ಯಿ ತೀರಿಸುತ್ತಾರೆ. ಬಂದವರ ಊರಿಗೆ ಮರುದಿನ ನಾವು ಹೋಗದೆ ಇದ್ದರೆ ಹೇಗೆ? ಒಂದೇ ಊರಿನ ಹಬ್ಬವಾಗಿದ್ದರೆ ಮನಸ್ಸಿಲ್ಲದ ವರ್ಷ ಕೈಬಿಡಬಹುದಿತ್ತು. ಆಚೆ ಊರಿನವರು ಹೊರಟು ನಿಂತಿರುವಾಗ ಬಿಡೋದು ಕಷ್ಟ. ಇದು ಉಳಿದಿರೋದಕ್ಕೆ ಭಕ್ತಿಗಿಂತ ಈ ದಾಕ್ಷಿಣ್ಯವೇ ಜಾಸ್ತಿ ಕಾರಣ ಅಂತ ನನ್ನ ಲೆಕ್ಕ.

ಇನ್ನು ನಮ್ಮದೊಂದು ತಪ್ಪು. ಫೋಟೊದ ಕೆಳಗೆ ಇವರನ್ನು ‘ಸಾನ್‌ಪಾಂತ್ಸಾರ್’ ಎಂದು ಕರೆದಿದ್ದೆವು. ಅದು ಹೊರಗಿನವರು ಅಂಟಿಸಿದ ಹೆಸರು, ಕಾರ್ನಿವಲ್‌ನ ಡೊಳ್ಳುಹೊಟ್ಟೆ ಬೊಂಬೆಯ ಹೆಸರಿನಿಂದ ಬಂದದ್ದು. ಊರಿನವರ ಮಾತಿನಲ್ಲಿ ಇವರು ‘ಯೊಆಲ್ದುನಾಕ್’. ಅಲ್ಲಿನ ಮಾತು ಬಾಸ್ಕ್, ಸ್ಪ್ಯಾನಿಷ್‌ಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ‘ಯೊಆರೆ’ ಅಂದರೆ ದನ, ಕುರಿಗೆ ಕಟ್ಟುವ ಗಂಟೆ, ‘ದುನ್’ ಅಂದರೆ ಉಳ್ಳವನು, ಕೊನೆಯ ‘ಆಕ್’ ಬಹುವಚನಕ್ಕೆ. ಗಂಟೆಯುಳ್ಳವರು, ಅಷ್ಟೇ. ನಮ್ಮ ಹಾಗೆಯೇ ಪದದ ಬಾಲಕ್ಕೆ ಒಂದೊಂದೇ ತುಂಡು ಜೋಡಿಸುತ್ತಾ ಹೋಗುವ ಭಾಷೆ ಅದು, ಕನ್ನಡದವರಿಗೆ ಅರ್ಥ ಮಾಡಿಸೋದು ಸುಲಭ.

ಆ ಗಂಟೆ ಕಟ್ಟುವ ಕೆಲಸದ ಬಗ್ಗೆ ಲೇಖನದಲ್ಲಿ ಒಂದೇ ಸಾಲು ಇತ್ತು, ಜಾಗ ಸಾಲದೆ ನಾನೇ ಕತ್ತರಿ ಹಾಕಿದ್ದೆ. ಹಾಕಬಾರದಿತ್ತು. ಮೊದಲು ಚರ್ಮದ ಕೆರ, ಮೊಣಕಾಲಿನ ತನಕ ಉಣ್ಣೆ, ಪ್ಯಾಂಟಿನ ಮೇಲೆ ಲೇಸು ಅಂಚಿನ ಬಿಳಿ ಲಂಗ. ಹೌದು, ಗಂಡಸರಿಗೂ. ಅದರ ಮೇಲೆ ಸೊಂಟದ ಸುತ್ತ ತುಪ್ಪಳವಿರುವ ಕುರಿ ತೊಗಲು. ಆಮೇಲೆ ಎರಡು ದೊಡ್ಡ ಗಂಟೆಗಳನ್ನು ಬೆನ್ನಿನ ಕೆಳಭಾಗಕ್ಕೆ ಸರಿಯಾಗಿ ಹಿಡಿದು, ಉದ್ದ ಹಗ್ಗವನ್ನು ಸುತ್ತಿ ಸುತ್ತಿ ಬಿಗಿಯುತ್ತಾರೆ. ಇದನ್ನು ತಾನೇ ಕಟ್ಟಿಕೊಳ್ಳೋಕೆ ಯಾರಿಗೂ ಆಗಲ್ಲ. ಆಚೆಗೊಬ್ಬ ಈಚೆಗೊಬ್ಬ ನಿಂತು, ಮೈಯ ಭಾರವೆಲ್ಲ ಹಾಕಿ ಹಗ್ಗ ಎಳೆಯಬೇಕು, ನಡುವೆ ನಿಂತವನು ಉಸಿರು ಬಿಗಿಹಿಡಿದು ತಡೆದುಕೊಳ್ಳಬೇಕು. ಸಡಿಲವಾದರೆ ಗಂಟೆ ತನ್ನ ಪಾಡಿಗೆ ಅಲ್ಲಾಡುತ್ತದೆ, ತಾಳ ತಪ್ಪುತ್ತದೆ, ಸೊಂಟದ ಚರ್ಮವೂ ಕಿತ್ತು ಬರುತ್ತದೆ. ಬಿಗಿಯಾಗಿದ್ದರೆ ಹೆಜ್ಜೆಗೆ ಸರಿಯಾಗಿ ಎರಡೂ ಒಟ್ಟಿಗೆ ದಢಣ್ ಅನ್ನುತ್ತವೆ. ಕೊನೆಗೆ ತಲೆಗೆ ಬಣ್ಣದ ಪಟ್ಟಿ ಸುತ್ತಿದ ಚೂಪು ಟೋಪಿ, ಅದರ ತುದಿಯಲ್ಲಿ ಹುಂಜದ ಗರಿ, ಬಲಗೈಯಲ್ಲಿ ಕುದುರೆ ಬಾಲದ ಕೂದಲಿನ ಚೌರಿ. ಇತುರೆನ್‌ನವರು ಹೆಗಲ ಮೇಲೂ ಕುರಿ ತೊಗಲು ಹೊದೆಯುತ್ತಾರೆ, ಸುಬಿಯೆತಾದವರಿಗೆ ಅದಿಲ್ಲ. ಯಾರು ಯಾವ ಊರು ಅಂತ ಗುರುತಾಗೋದು ಅದರಿಂದಲೇ.

ಆಮೇಲೆ ಎರಡು ಸಾಲಾಗಿ ಹೊರಡುತ್ತಾರೆ. ಹಾಡಿಲ್ಲ, ನಗುವಿಲ್ಲ, ಮುಖ ಗಂಭೀರ. ಮಲಗಿದ ಭೂಮಿಯನ್ನು ಎಬ್ಬಿಸೋಕೆ, ಕೆಟ್ಟದ್ದನ್ನು ಓಡಿಸೋಕೆ ಈ ಸದ್ದು ಅಂತ ಹೇಳುತ್ತಾರೆ. ಇವರು ಹೀಗೆ ಗಂಭೀರವಾಗಿದ್ದರೆ ಇವರ ಸುತ್ತಲಿನದೆಲ್ಲ ಪುಂಡಾಟ. ತೊಗಲು ಹೊದ್ದ ‘ಕರಡಿ’ಯೊಂದು ಸರಪಳಿ ಜಗ್ಗಿಕೊಂಡು ಜನರ ಮೇಲೆ ಏರಿ ಬರುತ್ತದೆ, ಹರಕು ಬಟ್ಟೆಯ ವೇಷದವರು ಗಾಡಿಗಳಲ್ಲಿ ಬಂದು ಕೆಸರು, ಸಗಣಿ ಎರಚುತ್ತಾರೆ. ಒಳ್ಳೆ ಬಟ್ಟೆ ಹಾಕಿಕೊಂಡು ಹೋದವರ ಗತಿ ಅಷ್ಟೇ. ಹೊಟ್ಟೆಗೆ ‘ತಾಲೊ’ ಸಿಗುತ್ತದೆ, ಕೈಯಲ್ಲಿ ತಟ್ಟಿ ಬಿಸಿ ಹಂಚಿನ ಮೇಲೆ ಬೇಯಿಸಿದ ಮೆಕ್ಕೆಜೋಳದ ರೊಟ್ಟಿ. ನೀವು ಹಾವೇರಿಯವರು, ರುಚಿ ಹೇಗಿರಬಹುದು ಅಂತ ನಾನು ಹೇಳಬೇಕಾಗಿಲ್ಲ.

ಎಷ್ಟು ದಿನ ನಡೆದೀತು ಅಂತ ಕೇಳಿದ್ದೀರಿ. ಇದಕ್ಕಿಂತ ಕೆಟ್ಟ ಕಾಲ ಕಂಡ ಹಬ್ಬ ಇದು. 1937ರಲ್ಲಿ, ಸ್ಪೇನಿನ ಅಂತರ್ಯುದ್ಧದ ನಡುವೆ, ಮುಂದೆ ಸರ್ವಾಧಿಕಾರಿಯಾಗಿ ದೇಶ ಆಳಿದ ಫ್ರಾಂಕೊ ಕಡೆಯ ಸರ್ಕಾರ ಕಾರ್ನಿವಲ್‌ಗಳನ್ನೇ ನಿಷೇಧಿಸಿತು. ಯುದ್ಧ ಮುಗಿದ ಮೇಲೂ ನಿಷೇಧ ಹೋಗಲಿಲ್ಲ, 1975ರಲ್ಲಿ ಫ್ರಾಂಕೊ ಸಾಯುವ ಹೊತ್ತಿಗೆ ಎಷ್ಟೋ ಊರುಗಳಿಗೆ ತಮ್ಮ ವೇಷ ಹೇಗಿತ್ತು ಅನ್ನೋದೇ ಮರೆತುಹೋಗಿತ್ತು. ಬಿಡದೆ ನಡೆಸಿಕೊಂಡು ಬಂದ ಕೆಲವೇ ಊರುಗಳಲ್ಲಿ ಈ ಎರಡೂ ಸೇರಿವೆ.

ಬಿಟ್ಟುಹೋಗಿ ಮತ್ತೆ ಹುಟ್ಟಿದ್ದಕ್ಕೆ ಉದಾಹರಣೆಯಾಗಿ ಅದೇ ನವಾರ್ರಾದ ಲಾಂತ್ಸ್ ಇದೆ, ಇತುರೆನ್‌ಗಿಂತಲೂ ಚಿಕ್ಕ ಊರು. ಅಲ್ಲಿನ ಕಾರ್ನಿವಲ್‌ಗೆ 1964ರಲ್ಲಿ ಮತ್ತೆ ಜೀವ ಬಂತು. ಮಾನವಶಾಸ್ತ್ರಜ್ಞ ಹೂಲಿಯೊ ಕಾರೊ ಬರೋಹಾ ಮತ್ತು ಅವರ ತಮ್ಮ ಪಿಯೊ ಅದನ್ನು ಸಿನಿಮಾ ರೀಲಿನಲ್ಲಿ ಹಿಡಿದರು. ಅಲ್ಲಿ ಮಿಯೆಲ್ ಒಚಿನ್ ಅನ್ನುವ ಸುಮಾರು 3 ಮೀಟರ್ ಎತ್ತರದ ಹುಲ್ಲಿನ ಬೊಂಬೆ ಉಂಟು, ಅವನೊಬ್ಬ ದರೋಡೆಕೋರ ಅಂತ ಹೇಳುತ್ತಾರೆ. ಅವನನ್ನು ಊರೆಲ್ಲ ಮೆರೆಸಿ ಮಂಗಳವಾರ ಸಂಜೆ ಸುಡುತ್ತಾರೆ. ನನಗೆ ಇಷ್ಟವಾದವನು ಮಾತ್ರ ಸಿರಿಪೊತ್. ಮೈತುಂಬ ಒಣಹುಲ್ಲು ತುಂಬಿದ ಗೋಣಿಯೊಳಗೆ ಒಬ್ಬ ಮನುಷ್ಯ, ನೆಟ್ಟಗೆ ನಡೆಯೋಕೂ ಆಗಲ್ಲ. ಕುದುರೆ ವೇಷದವನು ಓಡಿ ಬಂದು ಗುದ್ದುತ್ತಾನೆ, ಇವನು ಮೂಟೆಯ ಹಾಗೆ ಉರುಳುತ್ತಾನೆ, ತಾನಾಗಿ ಏಳೋಕೆ ಆಗಲ್ಲ, ಜೊತೆಯವರು ಎತ್ತಿ ನಿಲ್ಲಿಸುತ್ತಾರೆ, ಕುದುರೆ ಮತ್ತೆ ಬರುತ್ತದೆ. ದಾರಿಯುದ್ದಕ್ಕೂ ಇದೇ ಕೆಲಸ.

ಹುಡುಗರು ಪಟ್ಟಣ ಸೇರಿದ್ದು ನಿಜ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಮೊದಲು ಗಂಡಸರದೇ ಆಗಿದ್ದ ಸಾಲಿನಲ್ಲಿ ಈಗ ಹೆಣ್ಣುಮಕ್ಕಳೂ ನಡೆಯುತ್ತಾರೆ, ಚಿಕ್ಕ ಮಕ್ಕಳಿಗೆ ಚಿಕ್ಕ ಗಂಟೆ ಕಟ್ಟುತ್ತಾರೆ. ಬಾಸ್ಕ್ ಸೀಮೆಯ ಬೇರೆ ಪಟ್ಟಣಗಳಲ್ಲೂ ಇವರನ್ನು ನೋಡಿ ಕಲಿತ ತಂಡಗಳಿವೆ. ಆ ತಂಡಗಳು ಯಾವ ಮೆರವಣಿಗೆಗೆ ಬೇಕಾದರೂ ಹೋಗುತ್ತವೆ, ಭಾನುವಾರವೂ ಸಿಗುತ್ತವೆ. ನಿಮಗೆ ಭಾನುವಾರವೇ ಬೇಕಿದ್ದರೆ ಅವರನ್ನು ನೋಡಬಹುದು. ಇತುರೆನ್‌ಗೇ ಹೋಗೋದಾದರೆ ಮಾತ್ರ ಸೋಮವಾರಕ್ಕೆ ರಜೆ ಹಾಕಿ, ಹಳೇ ಪ್ಯಾಂಟು ಹಾಕಿಕೊಂಡು ಹೋಗಿ. ಮಂಗಳವಾರಕ್ಕೂ ರಜೆ ಇರಲಿ, ಅರ್ಧಕ್ಕೇ ಎದ್ದು ಬರಬೇಡಿ.